ನೀರು ಬರುವ ಮೊದಲು ಹಿತ್ತಲ ಮದ್ದು ಬರೆದಿಡೋಣ

ಕಳೆದ ಮಳೆಗಾಲದಲ್ಲಿ ನಾವು ನವನಗರದ ಆಚೆಗಿನ ಒಂದು ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದೆವು. ಪರಿಹಾರದ ಸುದ್ದಿ ಕೇಳುವುದು ನಮ್ಮ ಕೆಲಸವಾಗಿತ್ತು. ಜೊತೆಗಿದ್ದ ಗೆಳೆಯನಿಗೆ ಕೆಮ್ಮು ಹತ್ತಿತ್ತು. ಕಟ್ಟೆಯ ಮೇಲೆ ಕುಂತಿದ್ದ ಆಯಿ ಅವನನ್ನೇ ನೋಡುತ್ತ, "ನಮ್ಮೂರಾಗ ಇದ್ದಿದ್ರ ನಾಕು ಲಕ್ಕಿ ಎಲಿ ಹರಕೊಂಡು ಬಂದು ಉಗಿ ಹಿಡಿಸ್ತಿದ್ದೆ, ತಮ್ಮಾ. ಇಲ್ಲಿ ಎಲ್ಲಿಂದ ತರ್ಲಿ?" ಅಂದರು.

"ಇಲ್ಲಿ ಲಕ್ಕಿ ಬೆಳೆಯೂದಿಲ್ಲೇನ್ರಿ ಆಯಿ?" ಎಂದು ಕೇಳಿದೆವು.

"ಬೆಳೀತಿರಬೇಕು ಎಲ್ಲೆರ. ನಂಗ ಗೊತ್ತಿದ್ದಿದ್ದು ನಮ್ಮ ಹಳ್ಳದ ದಂಡಿ ಲಕ್ಕಿ. ಮನಿಗೆ ರೊಕ್ಕ ಬಂತು, ಹೊಲಕ್ಕ ಬಂತು, ಬೇವಿನ ಗಿಡಕ್ಕೂ ಬಂತು. ಹಳ್ಳದ ದಂಡಿ ಯಾರು ಬರಕೊಂಡ್ರು?"

ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ನಮ್ಮ ಜಿಲ್ಲೆಯವರಿಗೆ ಮುಳುಗಡೆ ಅಂದರೇನು ಎಂದು ಹೇಳಿಕೊಡಬೇಕಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಆಣೆಕಟ್ಟು ಎದ್ದ ಮೇಲೆ ಹಿನ್ನೀರು ಘಟಪ್ರಭೆಯ ದಂಡೆಗುಂಟ ಹಳೆ ಬಾಗಲಕೋಟೆಯವರೆಗೂ ಬಂತು. ಊರು ಎದ್ದು ಸೆಕ್ಟರ್ ನಂಬರಿನ ನವನಗರಕ್ಕೆ ಬಂತು. ಈಗ ಜಲಾಶಯದ ಮಟ್ಟ 519.60 ಮೀಟರ್. ಇದನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಹೇಳಿದೆ. ಅಂದರೆ ಇನ್ನಷ್ಟು ಹಳ್ಳಿಗಳು, ಇನ್ನಷ್ಟು ಹೊಲಗಳು ನೀರಿನ ದಾರಿಯಲ್ಲಿ ಕುಳಿತಿವೆ.

ಸರ್ವೆ ಮಾಡಲು ಬಂದವರು ಮನೆ ಅಳೆಯುತ್ತಾರೆ, ಬಾವಿ, ಬೋರ್‌ವೆಲ್ ಎಣಿಸುತ್ತಾರೆ, ಮರ ಎಣಿಸುತ್ತಾರೆ. ಮನೆಯ ಹಿಂದಿನ ಲೋಳೆಸರ, ಬದುವಿನ ಮೇಲಿನ ತಂಗಡಿ, ಹಳ್ಳದ ಲಕ್ಕಿ, ಮಳೆ ಬಿದ್ದ ಮೇಲೆ ಏಳುವ ನೆಲನೆಲ್ಲಿ ಮತ್ತು ಉತ್ತರಾಣಿ, ಕಾಲುವೆ ಬದಿಯ ಗರಗ, ಬೇವಿಗೆ ಹಬ್ಬಿದ ಅಮೃತಬಳ್ಳಿ, ಇವು ಆ ಲೆಕ್ಕಕ್ಕೆ ಬರುವುದಿಲ್ಲ. ಯಾವ ಎಲೆಯನ್ನು ಯಾವಾಗ, ಎಷ್ಟು, ಯಾರಿಗೆ ಕೊಡಬೇಕು ಎಂಬ ತಿಳಿವಳಿಕೆಯಂತೂ ಯಾವ ಫಾರ್ಮಿನಲ್ಲೂ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಹತ್ತಿರ ಇರುವುದಕ್ಕೆ ನಾವು ಬೆಲೆ ಕೊಡುವುದಿಲ್ಲ ಅನ್ನುವುದು ಅದರ ಅರ್ಥ. ಈಗ ಸೈಟಿನ ಮನೆಗಳಲ್ಲಿ ಹಿತ್ತಲೇ ಇಲ್ಲ. ಹಾಗಾಗಿ ನಮ್ಮ ಅಭಿಪ್ರಾಯ ನೇರವಾಗಿದೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಊರಿನ ಗಿಡಮೂಲಿಕೆ ಮತ್ತು ಅದರ ಬಳಕೆಯನ್ನು ಊರಿನ ಹಿರಿಯರಿಂದಲೇ ಹೇಳಿಸಿ ಬರೆದಿಡಬೇಕು. ನೀರಿನ ದಾರಿಯಲ್ಲಿರುವ ಹಳ್ಳಿಗಳಲ್ಲಿ ಈ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು.

ಬರೆದಿಟ್ಟರೆ ಏನು ಬಂತು ಎಂದು ಕೇಳುವವರಿಗೆ ಮೊದಲು ಲಕ್ಕಿಯ ಕಥೆಯನ್ನೇ ಹೇಳುತ್ತೇವೆ.

ನಮ್ಮಲ್ಲಿ ಲಕ್ಕಿ ಸೊಪ್ಪನ್ನು ಬಾಣಂತಿಯ ಎರಕದ ನೀರಿಗೆ ಹಾಕುತ್ತಾರೆ. ನೆಗಡಿಗೆ ಉಗಿ ಹಿಡಿಯುತ್ತಾರೆ. ಕಾಳಿಗೆ ಹುಳ ಬೀಳದಿರಲಿ ಎಂದು ಒಣಗಿದ ಎಲೆ ಹಾಕಿಡುತ್ತಾರೆ. ಇದೇ ಗಿಡ ದೂರದ ಫಿಲಿಪ್ಪೀನ್ಸ್ ದೇಶದಲ್ಲೂ ಬೆಳೆಯುತ್ತದೆ. ಅಲ್ಲಿಯ ಹಳ್ಳಿಗರು ಅದನ್ನು ಲಗುಂದಿ ಎನ್ನುತ್ತಾರೆ, ಕೆಮ್ಮಿಗೆ ಕುದಿಸಿ ಕುಡಿಯುತ್ತಿದ್ದರು. 1970ರ ದಶಕದಲ್ಲಿ ಆ ದೇಶದ ವಿಜ್ಞಾನಿಗಳು ಹಳ್ಳಿಯ ಮದ್ದುಗಳನ್ನು ಪಟ್ಟಿ ಮಾಡಿ ಒಂದೊಂದನ್ನೇ ಪರೀಕ್ಷೆಗೆ ಹಚ್ಚಿದರು. ಕೊನೆಗೆ ಅಲ್ಲಿಯ ಆರೋಗ್ಯ ಇಲಾಖೆ ಹತ್ತು ಗಿಡಗಳಿಗೆ ಒಪ್ಪಿಗೆ ಕೊಟ್ಟಿತು. ಲಗುಂದಿ ಅದರಲ್ಲೊಂದು. ಇವತ್ತು ಅಲ್ಲಿಯ ಔಷಧಿ ಅಂಗಡಿಯಲ್ಲಿ ಲಗುಂದಿಯ ಗುಳಿಗೆ, ಸಿರಪ್ ಎರಡೂ ಸಿಗುತ್ತವೆ. ನಮ್ಮ ಲಕ್ಕಿ ಕಂಟಿಯನ್ನು ಹೊಲದ ಬದು ಸ್ವಚ್ಛ ಮಾಡುವಾಗ ಕಡಿದು ಒಗೆಯುತ್ತೇವೆ.

ಎರಡನೆಯದು ಚೀನಾದ ಕಥೆ. ಮಲೇರಿಯಾಗೆ ಹಳೆಯ ಗುಳಿಗೆಗಳು ನಾಟದೇ ಹೋದಾಗ ಥು ಯೂಯೂ ಎಂಬ ವಿಜ್ಞಾನಿ ತಮ್ಮ ನಾಡಿನ ಹಳೆಯ ವೈದ್ಯ ಪುಸ್ತಕಗಳನ್ನು ಹುಡುಕಿದರು. ಒಂದು ಗಿಡ ಸಿಕ್ಕಿತು. ಆದರೆ ಕುದಿಸಿ ತೆಗೆದ ಸತ್ವ ಸರಿಯಾಗಿ ಕೆಲಸ ಮಾಡಲಿಲ್ಲ. ಸುಮಾರು 1,600 ವರ್ಷ ಹಿಂದಿನ ಒಂದು ಪುಸ್ತಕದಲ್ಲಿ ಆ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆಯಬೇಕೆಂದು ಬರೆದಿತ್ತು. ಹಾಗಾದರೆ ಬಿಸಿ ತಾಗಿಯೇ ಗುಣ ಕೆಡುತ್ತಿರಬೇಕು ಎಂದು ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲಿ ಸತ್ವ ತೆಗೆದರು, ಕೆಲಸ ಮಾಡಿತು. ಅದೇ ಆರ್ಟಿಮಿಸಿನಿನ್. ಲಕ್ಷಾಂತರ ಜೀವ ಉಳಿಸಿದ ಆ ಔಷಧಿಗೆ 2015ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಗಿಡದ ಹೆಸರಷ್ಟೇ ಉಳಿದು, ನೆನೆಸಿ ಹಿಂಡಬೇಕು ಎಂಬ ಮಾತು ಅಳಿದಿದ್ದರೆ ಅವರು ಇನ್ನೆಷ್ಟು ದಿನ ಹುಡುಕಬೇಕಿತ್ತೋ. ನಮ್ಮ ಆಯಿಯಂದಿರು "ಇದನ್ನ ಕುದಿಸಬ್ಯಾಡ, ಬರೇ ಜಜ್ಜಿ ಹಿಂಡು" ಅನ್ನುತ್ತಾರಲ್ಲ, ಅದು ಸಣ್ಣ ಮಾತಲ್ಲ.

ಮೂರನೆಯದು ಅರಿಷಿಣದ ಕಥೆ. ಅರಿಷಿಣ ಗಾಯ ಮಾಯಿಸುತ್ತದೆ ಎಂಬುದನ್ನು ತಮ್ಮ ಹೊಸ ಶೋಧ ಎಂದು ಹೇಳಿ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಗಾಯಕ್ಕೆ ಅರಿಷಿಣ ಮೆತ್ತುವುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಬೇರೆ ದೇಶದ ಜನ ಬಾಯಿಮಾತಿನಲ್ಲಿ ಬಳಸುತ್ತ ಬಂದದ್ದು ಸಾಕ್ಷಿಯಾಗುತ್ತಿರಲಿಲ್ಲ, ಅಚ್ಚಾದ ಬರಹವೇ ಬೇಕಿತ್ತು. ನಮ್ಮ ದೇಶದ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಬರಹಗಳನ್ನು ಹುಡುಕಿ ತೋರಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬೇವಿನ ಎಣ್ಣೆಯ ಮೇಲೆ ಯುರೋಪಿನಲ್ಲಿ ಪಡೆದಿದ್ದ ಪೇಟೆಂಟ್ ಬಿಡಿಸಿಕೊಳ್ಳಲು 2005ರವರೆಗೆ ಹೋರಾಡಬೇಕಾಯಿತು. ಅರಿಷಿಣ, ಬೇವಿಗೆ ಬರಹದ ಸಾಕ್ಷಿ ಇತ್ತು. ನಿಮ್ಮೂರಿನ ಕುರಿ ಕಾಯುವ ಅಜ್ಜನಿಗಷ್ಟೇ ಗೊತ್ತಿರುವ ಎಲೆಗೆ ಏನು ಸಾಕ್ಷಿ ಇದೆ?

ನಮ್ಮ ಬದುವಿನ ತಂಗಡಿಯನ್ನೇ ತೆಗೆದುಕೊಳ್ಳಿ. ಕೆಲವು ಕಡೆ ಆವರಿ ಅನ್ನುತ್ತಾರೆ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತಮಿಳುನಾಡಿನಲ್ಲಿ ಇದು ಆವಾರಂ, ಹೂವು ಒಣಗಿಸಿ ಕಷಾಯ ಮಾಡುತ್ತಾರೆ. ತೆಲಂಗಾಣದಲ್ಲಿ ತಂಗೇಡು, ಬತುಕಮ್ಮ ಹಬ್ಬಕ್ಕೆ ಈ ಹಳದಿ ಹೂವು ಬೇಕೇ ಬೇಕು, ಅದು ಅಲ್ಲಿಯ ರಾಜ್ಯ ಪುಷ್ಪ. ಒಂದೇ ಗಿಡ, ಒಂದೊಂದು ನಾಡಿನ ಜನ ಒಂದೊಂದು ಬಳಕೆ ಕಂಡುಕೊಂಡಿದ್ದಾರೆ. ನಮ್ಮ ಜಿಲ್ಲೆಯವರು ಕಂಡುಕೊಂಡದ್ದು ಯಾವುದು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಒಂದು ಪುಟವಾದರೂ ಬೇಡವೇ? ಪಲ್ಲೇದ ಹಬ್ಬದಲ್ಲಿ ಬಾದಾಮಿಯ ಬನಶಂಕರಿಗೆ 108 ಪಲ್ಲೆ ಮಾಡಿ ಎಡೆ ಹಿಡಿಯುವ ನಾಡು ನಮ್ಮದು. ಸೊಪ್ಪನ್ನು ದೇವರೆಂದು ಪೂಜಿಸುವವರು ಸೊಪ್ಪಿನ ಹೆಸರು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಗಿಡದ ಮದ್ದು ಅಂದ ತಕ್ಷಣ ಅಪಾಯ ಇಲ್ಲವೆಂದು ತಿಳಿಯುವುದು ತಪ್ಪು. ಕೊರೋನಾ ಕಾಲದಲ್ಲಿ ನಮ್ಮೂರುಗಳಲ್ಲೂ ಅಮೃತಬಳ್ಳಿ ಕಷಾಯ ದಿನಾ ಕುಡಿದವರು ಎಷ್ಟು ಜನ! ಅದನ್ನು ಕುಡಿದ ಆರು ಜನರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ರೀತಿ ಕಾಣುವ ಬೇರೆ ಬಳ್ಳಿ ಇರಬಹುದು ಎಂದಿತು. ವಾದ ಯಾರದೇ ಸರಿ ಇರಲಿ, ನಮಗೆ ಪಾಠ ಒಂದೇ: ಯಾವ ಬಳ್ಳಿ ಎಂದು ಗುರುತು ಹಿಡಿಯುವುದು, ಎಷ್ಟು ದಿನ ಎಂದು ಮಿತಿ ಹಾಕುವುದು ಮದ್ದಿನಷ್ಟೇ ಮುಖ್ಯ. ವಾಟ್ಸಾಪಿನಲ್ಲಿ ಬಂದ ಕಷಾಯಕ್ಕೆ ಗುರುತೂ ಇರುವುದಿಲ್ಲ, ಮಿತಿಯೂ ಇರುವುದಿಲ್ಲ.

ಹಾವು ಕಡಿದರೆ ಬೇರು ಅರೆಯುತ್ತ ಕೂರಬೇಡಿ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಅಂದಾಜು 12 ಲಕ್ಷ ಮಂದಿ, ಅದರಲ್ಲಿ ಹೆಚ್ಚಿನವರು ಹಳ್ಳಿಯವರು. ವಿಷ ಇಳಿಸುವುದು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಒಂದೇ. ಕಾಮಣಿ ಆದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಣ್ಣು ಹಳದಿ ಆಗಲು ಹತ್ತು ಕಾರಣ ಇರುತ್ತವೆ. ಎಲ್ಲಕ್ಕೂ ಒಂದೇ ಸೊಪ್ಪು ಎಂದು ವಾರಗಟ್ಟಲೆ ಕಾದವರ ಮನೆಯ ದುಃಖವನ್ನು ನಾವು ನೋಡಿದ್ದೇವೆ. ಸಕ್ಕರೆ ಕಾಯಿಲೆ, ಬಿಪಿ ಗುಳಿಗೆಯನ್ನು ಯಾರದೋ ಮಾತು ಕೇಳಿ ಬಿಡಬೇಡಿ. ತಿಳಿದ ಆಯಿ ಕೂಡ "ಇದು ನನ್ನ ಕೈಯಾಗಿಲ್ಲ, ದವಾಖಾನಿಗೆ ಹೋಗ್ರಿ" ಅನ್ನುತ್ತಾಳೆ. ಆ ಮಾತನ್ನೂ ಮದ್ದಿನ ಜೊತೆಗೇ ಬರೆದಿಡಬೇಕು.

ಬರೆಯುವ ಜಾಗ ಈಗಾಗಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಮಾಡಬೇಕು. ಊರಿನ ಗಿಡ, ಬೆಳೆ, ಅದರ ಔಷಧಿ ಬಳಕೆ, ಊರಿನ ನಾಟಿ ವೈದ್ಯರ ವಿವರ ಅದರಲ್ಲಿ ಇರಬೇಕು. ವ್ಯಾಪಾರಕ್ಕೆಂದು ಹೊರಗಿನವರು ಊರಿನ ಗಿಡಮೂಲಿಕೆ ಒಯ್ದರೆ ಶುಲ್ಕ ಹಾಕುವ ಅಧಿಕಾರವೂ ಸಮಿತಿಗೆ ಇದೆ. ಈ ಪುಸ್ತಕ ಮುಗಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತ್ತು.

ಹಾಗಾಗಿ ನಿಮ್ಮ ಪಂಚಾಯಿತಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ನಮ್ಮ ಸಮಿತಿಯಲ್ಲಿ ಯಾರಿದ್ದಾರೆ? ನಮ್ಮೂರಿನ ದಾಖಲಾತಿ ಪುಸ್ತಕ ತೋರಿಸುತ್ತೀರಾ? ಪುಸ್ತಕ ಇದ್ದರೆ ತೆರೆದು ಓದಿ. ನಿಮ್ಮೂರಿನ ಸೂಲಗಿತ್ತಿಯನ್ನು, ಕುರುಬರ ಅಜ್ಜನನ್ನು, ಕಸ ಕೀಳುವಾಗಲೇ ಹತ್ತು ಸೊಪ್ಪಿನ ಹೆಸರು ಹೇಳುವ ಕೂಲಿ ಹೆಣ್ಣುಮಕ್ಕಳನ್ನು ಕೇಳಿ ಬರೆದದ್ದೋ, ಆಫೀಸಿನಲ್ಲಿ ಕುಂತು ತುಂಬಿದ್ದೋ ನಿಮಗೇ ತಿಳಿಯುತ್ತದೆ. ಅಲ್ಲಿ ಇಲ್ಲದ್ದನ್ನು ಸೇರಿಸಿರೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಪಂಚಾಯಿತಿ ತಡ ಮಾಡಿದರೆ ನಾವೇ ಶುರು ಮಾಡಬಹುದು. ನಿಮ್ಮ ಕೈಯಲ್ಲಿ ಫೋನ್ ಇದೆ. ಗಿಡದ ಎಲೆ, ಹೂವು, ಕಾಯಿಯ ಫೋಟೋ ತೆಗೆಯಿರಿ. ಊರಿನಲ್ಲಿ ಏನನ್ನುತ್ತಾರೆ, ಯಾವ ಭಾಗ ಬಳಸುತ್ತಾರೆ, ಹೇಗೆ ತಯಾರಿಸುತ್ತಾರೆ, ಎಷ್ಟು ಮತ್ತು ಎಷ್ಟು ದಿನ, ಯಾರಿಗೆ ಕೊಡಬಾರದು ಎಂದು ಹಿರಿಯರ ಬಾಯಿಂದಲೇ ಕೇಳಿ ಆಡಿಯೋ ಮಾಡಿಕೊಳ್ಳಿ. ಒಂದೇ ಹೆಸರಿನಲ್ಲಿ ಎರಡು ಊರಲ್ಲಿ ಎರಡು ಗಿಡ ಇರುವುದು ಮಾಮೂಲಿ, ಅದಕ್ಕೇ ಫೋಟೋ ಬೇಕು. ಗಿಡ ಗುರುತಿಸಲು ನವನಗರದಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಅಲ್ಲಿಯ ಅಧ್ಯಾಪಕರು, ವಿದ್ಯಾರ್ಥಿಗಳು ಹಳ್ಳಿಗೆ ಬಂದು ಈ ಕೆಲಸಕ್ಕೆ ಕೈ ಜೋಡಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಒಬ್ಬ ನಾಟಿ ವೈದ್ಯರು ನಮಗೆ, "ಹೇಳಿದ್ರ ಮದ್ದಿನ ಗುಣಾ ಹೋಗ್ತೈತ್ರಿ" ಅಂದರು. ಇನ್ನೊಬ್ಬರು, "ಬರದಿಟ್ರ ಕಂಪನಿಯವ್ರು ಕದ್ಕೊಂಡು ಹೋಗ್ತಾರ" ಅಂದರು. ಮೊದಲನೆಯದು ಅವರ ನಂಬಿಕೆ, ನಾವು ಒತ್ತಾಯ ಮಾಡುವುದಿಲ್ಲ. ಅಂಥವರು ಮನೆಯ ಒಬ್ಬರಿಗಾದರೂ ಕಲಿಸಿ ಹೋಗಲಿ. ಎರಡನೆಯದು ನಿಜವಾದ ಭಯ. 2023ರ ತಿದ್ದುಪಡಿಯಲ್ಲಿ ಗ್ರಂಥದಲ್ಲಿರುವ ಸಾಂಪ್ರದಾಯಿಕ ತಿಳಿವಳಿಕೆಗೆ ಹಲವು ವಿನಾಯಿತಿ ಕೊಟ್ಟಿದ್ದಾರೆ, ಅದನ್ನು ಬಳಸುವವರು ಲಾಭ ಹಂಚುವ ಮಾತು ಅಲ್ಲಿ ಸಡಿಲವಾಗಿದೆ. ಆದ್ದರಿಂದಲೇ ಗ್ರಂಥದಲ್ಲಿಲ್ಲದ ಊರಿನ ತಿಳಿವಳಿಕೆ ಯಾವ ಊರಿನದು, ಯಾರು ಹೇಳಿದ್ದು ಎಂದು ಪಂಚಾಯಿತಿ ಪುಸ್ತಕದಲ್ಲಿ ದಾಖಲಾಗಿರಬೇಕು. ಹೇಳಿದವರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಹೊರಗೆ ಹೋಗಬಾರದು. ಫೇಸ್‌ಬುಕ್ಕಿಗೆ, ಯೂಟ್ಯೂಬಿಗೆ ಹಾಕುವ ಆತುರ ಬೇಡ.

ಉತ್ತರ ಕನ್ನಡದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಡಿನ ಗಿಡಗಳನ್ನು ಅವರಷ್ಟು ತಿಳಿದವರು ಅಪರೂಪ, ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಹಾಗೆ ಮಣ್ಣಿನಿಂದ ಕಲಿತವರು ನಿಮ್ಮ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಪ್ರಶಸ್ತಿ ಬರಲಿಕ್ಕಿಲ್ಲ. ನೀವು ಹೋಗಿ ಪಕ್ಕದಲ್ಲಿ ಕುಂತು ಕೇಳಿದರೆ ಅವರಿಗೆ ಅದೇ ಮರ್ಯಾದೆ.

ಹೋದ ತಿಂಗಳು ನಾವು ಆ ಆಯಿಯ ಹತ್ತಿರ ಮತ್ತೆ ಹೋದೆವು. ಹುನಗುಂದದ ಕಡೆಯ ಹಳ್ಳದಿಂದ ಲಕ್ಕಿಯ ಒಂದು ಟೊಂಗೆ ಕಡಿದು ತಂದು ಅವರ ಮನೆಯ ಮೋರಿಯ ಪಕ್ಕ ಹಚ್ಚಿದೆವು. ಆಯಿ ಒಂದು ಎಲೆ ಕಿತ್ತು ತಿಕ್ಕಿ ಮೂಸಿ ನೋಡಿ, "ಹೌದು, ಲಕ್ಕಿನ" ಅಂದರು. ಆಮೇಲೆ ಮೊಮ್ಮಗಳನ್ನು ಕರೆದು ಅವಳ ಮೂಗಿಗೂ ಹಿಡಿದರು. "ವಾಸನಿ ನೆಪ್ಪಿಟ್ಕೋ. ನೋಟ್‌ಬುಕ್ ತಗೊಂಡು ಬಾ, ಒಂದೊಂದ ಹೇಳ್ತೀನಿ, ಬರಿ" ಅಂದರು.

ಹುಡುಗಿ ಏಳನೇ ಇಯತ್ತೆ. ಅವತ್ತು ಸಂಜೆಯವರೆಗೆ ಹನ್ನೊಂದು ಗಿಡ ಬರೆದಿದ್ದಳು. ನಿಮ್ಮ ಮನೆಯಲ್ಲಿ ಯಾರು ಬರೆಯುತ್ತಾರೆ?