ಅಂತಸ್ತು ಬೇರೆ, ವಶೀಲಿ ಬೇರೆ

ಪಗಡೆ, ಚೌಕಾಬಾರಗಳಲ್ಲಿ ಸಾಹುಕಾರನ ಕಾಯಿ, ಬಡವನ ಕಾಯಿ ಎಂಬ ಭೇದವಿಲ್ಲ. ಗರ ಬಿದ್ದಷ್ಟು ಮನೆ ನಡೆದರಾಯಿತು. ಆದರೆ ಅಮೆರಿಕದಲ್ಲಿ ಹುಟ್ಟಿ, ಈಗ ನಮ್ಮ ಹುಡುಗರ ಕೈಗೂ ಬಂದಿರುವ ಬೇರೊಂದು ಬಗೆಯ ಆಟವುಂಟು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ನಡೆಸುತ್ತಾರೆ. ಅವರಿಗೊಬ್ಬ ಸೂತ್ರಧಾರ. ಗೆದ್ದೆನೋ ಸೋತೆನೋ ಎಂಬ ಸಂದೇಹ ಬಂದಲ್ಲಿ ದಾಳವೇ ನ್ಯಾಯಾಧೀಶ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವಕ್ಕೆಲ್ಲ ಹಿರಿಯಣ್ಣ.

ಪ್ರತಿ ಪಾತ್ರಕ್ಕೂ ಒಂದು ಹಾಳೆ. ನಮ್ಮ ಸರ್ವಿಸ್ ರಿಜಿಸ್ಟರಿನ ತಮ್ಮನೆನ್ನಿ. ಬಲವೆಷ್ಟು, ಬುದ್ಧಿಯೆಷ್ಟು ಎಂದು ಅದರಲ್ಲಿ ಅಂಕಿ ಬರೆದಿರುತ್ತದೆ. ತೋಳಿನ ಬಲಕ್ಕೆ ಅಂಕಿ ಕೊಡುವುದು ಸುಲಭ. ನಾಲ್ಕು ಜನರ ನಡುವೆ ಒಬ್ಬನಿಗಿರುವ ತೂಕಕ್ಕೆ ಅಂಕಿ ಕೊಡುವುದು ಹೇಗೆ?

1977ರ ‘ಟ್ರಾವೆಲರ್’ ಆಟ ಅಂತಸ್ತನ್ನೂ ಆರು ಗುಣಗಳಲ್ಲಿ ಒಂದೆಂದು ಎಣಿಸಿತು. ಎರಡು ದಾಳ ಉರುಳಿಸಿದಾಗ 11 ಬಿದ್ದರೆ ನೈಟ್ ಪದವಿ, 12 ಬಿದ್ದರೆ ಬ್ಯಾರನ್! 9ಕ್ಕೆ ಕಡಮೆಯಿಲ್ಲದಿದ್ದರೆ ನೌಕಾದಳದಲ್ಲಿ ಅಧಿಕಾರಿಯಾಗುವುದೂ ತುಸು ಸುಲಭ. ಬಡ್ತಿಗಾಗಿ ಕಾದು ಕುಳಿತವರಿಗೆ ಈ ಸೂತ್ರವನ್ನು ಬಿಡಿಸಿ ಹೇಳಬೇಕಿಲ್ಲ.

1991ರ ‘ವ್ಯಾಂಪೈರ್’ ಆಟ ನೆತ್ತರು ಹೀರುವ ಪಿಶಾಚಿಗಳದು. ಆದರೂ ಅದರ ಲೋಕಜ್ಞಾನ ದೊಡ್ಡದು. ಅಲ್ಲಿ ಅಂತಸ್ತಿಗೊಂದು ಸಾಲು, ವಶೀಲಿಗೊಂದು ಸಾಲು, ಪರಿಚಯಸ್ಥರಿಗೆ ಮತ್ತೊಂದು; ಒಂದೊಂದಕ್ಕೂ ಐದು ಚುಕ್ಕೆಗಳವರೆಗೆ. ತನ್ನವರಲ್ಲಿ ಮರ್ಯಾದೆ ಇದ್ದವನಿಗೆ ಊರಿನವರಿಂದ ಕೆಲಸ ಮಾಡಿಸಿಕೊಳ್ಳುವ ಶಕ್ತಿ ಇರಲೇಬೇಕೆಂದಿಲ್ಲ. ಯಾವ ಕಚೇರಿಯಲ್ಲಾದರೂ ನೋಡಿ: ಕುರ್ಚಿ ಸಾಹೇಬರದು, ಫೈಲು ಯಾವ ಕಪಾಟಿನಲ್ಲಿದೆಯೆಂದು ಬಲ್ಲವನು ಜವಾನ.

ನಮ್ಮಂಥ ಪರಸ್ಥಳದವರಿಗೆ ಹೆಚ್ಚು ನಾಟುವುದು 1986ರಲ್ಲಿ ಸ್ಟೀವ್ ಜಾಕ್ಸನ್ ಹೊರತಂದ ‘ಗರ್ಪ್ಸ್’. ಅದರಲ್ಲಿ ಕೀರ್ತಿಯನ್ನು ಬೆಲೆ ತೆತ್ತು ಕೊಳ್ಳಬೇಕು. ಎಲ್ಲರೂ ಬಲ್ಲ ಕೀರ್ತಿಗೆ ಪೂರ್ತಿ ಬೆಲೆ. ಒಂದು ದೊಡ್ಡ ವರ್ಗ ಮಾತ್ರ ಬಲ್ಲುದಾದರೆ ಅರ್ಧ. ಸಣ್ಣ ಗುಂಪಿನೊಳಗಿನ ಕೀರ್ತಿಗೆ ಮೂರನೆಯ ಒಂದು ಪಾಲು. ಅಂತಸ್ತು ಏರಿದಂತೆ ಅದನ್ನು ಉಳಿಸಿಕೊಳ್ಳುವ ತಿಂಗಳ ಖರ್ಚೂ ಏರುತ್ತದೆ.

ಊರಿನಲ್ಲಿ ‘ಇಂಥವರ ಮಗ’ ಎಂದರೆ ಅಂಗಡಿಯಲ್ಲಿ ಸಾಲ ಹುಟ್ಟುತ್ತಿತ್ತು. ಮುಂಬಯಿಯಲ್ಲೋ ಪುಣೆಯಲ್ಲೋ ಬಾಡಿಗೆಯ ಮುಂಗಡ ಕೇಳುವವನಿಗೆ ಆ ಹೆಸರಿನಿಂದೇನು? ಅದು ಸಣ್ಣ ಗುಂಪಿನ ಕೀರ್ತಿ. ಆದರೂ ಆ ಹೆಸರಿಗೆ ತಕ್ಕಂತೆ ಮದುವೆ ಮಾಡಬೇಕೆಂದು ಪ್ರಾವಿಡೆಂಟ್ ಫಂಡಿಗೆ ಕೈ ಹಾಕುವ ತಂದೆತಾಯಿಗಳು ನಮ್ಮಲ್ಲಿ ಕಡಮೆಯಿಲ್ಲ. ಅದೇ ಹೊತ್ತಿಗೆ, ನಡುರಾತ್ರಿ ಆಸ್ಪತ್ರೆಗೆ ಜತೆಯಾಗಿ ಓಡಿಬರುವ ನೆರೆಯವರ ಹೆಸರು ನಮಗೆ ಸರಿಯಾಗಿ ತಿಳಿದಿರುವುದಿಲ್ಲ.

ಮನೆಯಲ್ಲಿ ಮಕ್ಕಳು ಈ ಆಟಕ್ಕೆ ಕುಳಿತರೆ, ವಾಚಕರೇ, ಗದರಬೇಡಿ. ಒಂದು ಖಾಲಿ ಹಾಳೆ ಕೇಳಿ ಪಡೆದು ನಿಮ್ಮದನ್ನೂ ತುಂಬಿನೋಡಿ. ಅಂತಸ್ತಿನ ಸಾಲನ್ನು ಬೇಗ ತುಂಬುವಿರಿ. ಪರಿಚಯಸ್ಥರ ಸಾಲಿಗೆ ಈ ಊರಿನ ಎಷ್ಟು ಹೆಸರು ಬರುತ್ತವೆ, ಎಣಿಸಿ.