ಬ್ರಾಕೆಟ್ಟಿನೊಳಗಿನ ಹೆಸರು

ಫಸ್ಟ್ ಪಿಯುಸಿಯಲ್ಲಿ ಎರಡು ತಿಂಗಳು ನಾನು ಸೈನ್ಸ್‌ನಲ್ಲಿದ್ದೆ. ಆಮೇಲೆ ಕಾಮರ್ಸ್‌ಗೆ ಬಂದೆ. ಈಗಲೂ ಕೆಲವರಿಗೆ ನಾನು 'ಸೈನ್ಸ್ ಬಿಟ್ಟು ಬಂದವಳು'. ಮನೆಗೆ ಬಂದ ನೆಂಟರೂ ಅಮ್ಮಿಯ ಹತ್ತಿರ, "ಯಾಕೆ, ಇವಳಿಗೆ ಆಗಲಿಲ್ಲವಾ?" ಎಂದು ಕೇಳುತ್ತಾರೆ. ಅವರಿಗೆಲ್ಲ ಒಂದು ಮೀನಿನ ಕಥೆ ಹೇಳಬೇಕೆನಿಸುತ್ತದೆ.

ಬಯಾಲಜಿ ಲ್ಯಾಬಿನ ಗಾಜಿನ ಜಾಡಿಯೊಂದರಲ್ಲಿ ಅರಣೆ ಮೀನು ಇದೆ. ಉದ್ದ ಮೈ, ಹಲ್ಲಿಯಂಥ ತಲೆ, ಬಾಯಿ ತುಂಬ ಸೂಜಿಯಂಥ ಹಲ್ಲು. ಇಂಗ್ಲಿಷಿನಲ್ಲಿ ಲಿಝರ್ಡ್‌ಫಿಶ್ ಎನ್ನುತ್ತಾರೆ. ಚೀಟಿಯಲ್ಲಿ 'ಸೌರಿಡಾ ಟುಂಬಿಲ್ (ಬ್ಲೋಖ್, 1795)' ಎಂದಿದೆ. ಬ್ರಾಕೆಟ್ ಯಾಕೆ ಎಂದು ಮೇಡಂ ಅವರನ್ನು ಕೇಳಿದೆ. ಮೊದಲು ಹೆಸರಿಟ್ಟವರು ಮೀನನ್ನು ಬೇರೆ ಕುಲದಲ್ಲಿಟ್ಟಿದ್ದರು, ಆಮೇಲೆ ಅದರ ಜಾಗ ಬದಲಾಯಿತು ಎಂಬುದಕ್ಕೆ ಅದು ಗುರುತು ಎಂದರು.

ಬ್ಲೋಖ್ ಬರ್ಲಿನ್‌ನ ವೈದ್ಯರು. ಅವರು ಈ ಮೀನನ್ನು ಸಾಲ್ಮನ್‌ಗಳ ಜೊತೆ ಸೇರಿಸಿ 'ಸಾಲ್ಮೊ ಟುಂಬಿಲ್' ಎಂದು ಕರೆದರು. ಬೆನ್ನಿನ ಹಿಂಭಾಗದಲ್ಲಿ ಮೆತ್ತನೆಯ ಪುಟ್ಟ ರೆಕ್ಕೆಯೊಂದು ಎರಡಕ್ಕೂ ಇದೆ. ಆ ಕಾಲದಲ್ಲಿ ಸಾಲ್ಮೊ ಕುಲದ ಮುಖ್ಯ ಗುರುತು ಅದೇ. ಅಷ್ಟು ದೊಡ್ಡ ಲಿನೇಯಸ್ ಕೂಡ 1758ರಲ್ಲಿ ಇನ್ನೊಂದು ಅರಣೆ ಮೀನನ್ನು ಪೈಕ್ ಮೀನುಗಳ ಕುಲದಲ್ಲಿಟ್ಟಿದ್ದರು. 1973ರಲ್ಲಿ ಡಾನ್ ರೋಸೆನ್ ಎಂಬ ವಿಜ್ಞಾನಿ ಕಿವಿರಿನ ಎಲುಬುಗಳನ್ನು ಪರೀಕ್ಷಿಸಿ, ಇವುಗಳಿಗೆ ಔಲೋಪಿಫಾರ್ಮಿಸ್ ಎಂಬ ಬೇರೆಯೇ ಗಣವನ್ನು ಗುರುತಿಸಿದರು. ನೋಡಲು ಏನೇನೂ ಹೋಲದ ಬೊಂಬಿಲ್ ಮೀನು ಈಗ ನಮ್ಮ ಜಾಡಿಯ ಮೀನಿನ ಕುಟುಂಬದಲ್ಲೇ ಇದೆ.

ನನಗೆ ಇಷ್ಟವಾದದ್ದು, ಯಾರೂ ಬ್ಲೋಖ್‌ರ ಹೆಸರನ್ನು ಅಳಿಸಲಿಲ್ಲ ಎಂಬುದು. ಅವರು ಕೊಟ್ಟ 'ಟುಂಬಿಲ್' ಹಾಗೇ ಉಳಿದಿದೆ. ನಮ್ಮ ಅಕೌಂಟೆನ್ಸಿಯಲ್ಲೂ ಹೀಗೆಯೇ. ತಪ್ಪು ಖಾತೆಗೆ ಹೋದ ಎಂಟ್ರಿಗೆ ವೈಟ್ನರ್ ಹಚ್ಚುವಂತಿಲ್ಲ. ತಿದ್ದುವ ಎಂಟ್ರಿ ಬರೆಯಬೇಕು. ಹಳೆಯದೂ ಪುಸ್ತಕದಲ್ಲಿರುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತು ಎಂಬ ಒಂದೇ ಗುರುತು ನೋಡಿ ನನ್ನನ್ನು ಸೈನ್ಸ್‌ಗೆ ಸೇರಿಸಿದ್ದರು. ನಾನೂ ಹೂಂ ಎಂದಿದ್ದೆ. ತಪ್ಪು ಎಲ್ಲರದೂ. ಬದಲಾಯಿಸಿದ್ದರಿಂದ ನಷ್ಟವಾಗಲಿಲ್ಲ ಎನ್ನುವುದಿಲ್ಲ. ಅಬ್ಬಾ ತಂದ ಪುಸ್ತಕಗಳು ಕಪಾಟಿನಲ್ಲಿವೆ, ಎರಡು ತಿಂಗಳ ಪಾಠವನ್ನು ನಾನೇ ಓದಿಕೊಳ್ಳಬೇಕಾಯಿತು. ಬೇಸರ ಬಂದಾಗಲೆಲ್ಲ ಜಾಗ ಬದಲಿಸುವುದೂ ಸರಿಯಲ್ಲ. ರೋಸೆನ್ ಎಲುಬು ನೋಡಿದ ಮೇಲೆ ತಾನೇ ನಿರ್ಧರಿಸಿದ್ದು? ಆದರೆ ತಪ್ಪು ಜಾಗ ಎಂದು ತಿಳಿದ ಮೇಲೂ ನಾಚಿಕೆಗೆ ಅಂಜಿ ಕೂತಿದ್ದರೆ ಹೋಗುತ್ತಿದ್ದುದು ಎರಡು ವರ್ಷ.

ಅದಕ್ಕೆ ನನ್ನದೊಂದು ವಿನಂತಿ. ಪ್ರವೇಶದ ಸಮಯದಲ್ಲಿ ಸೀಟು ಖಚಿತವಾಗುವ ಮೊದಲು, ಬೇಕೆಂದವರಿಗೆ ಒಂದು ವಾರ ಎರಡೂ ವಿಭಾಗದ ತರಗತಿಗಳಲ್ಲಿ ಕೂರಲು ಅವಕಾಶ ಕೊಡಿ. ಗೆಳೆಯ ಗೆಳತಿಯರೇ, ವಿಭಾಗ ಬದಲಿಸಿ ಬಂದವರನ್ನು 'ಆಗಲಿಲ್ಲವಾ?' ಎಂದು ಕೇಳಬೇಡಿ. 'ಇಲ್ಲಿ ಹೇಗಿದೆ?' ಎಂದು ಕೇಳಿ. ನನ್ನನ್ನು ಕೇಳಿದರೆ, ಇಲ್ಲಿ ಚೆನ್ನಾಗಿದೆ.