ಹೈಸ್ಕೂಲು ಪೇಟೆಯೊಳಗೇ ಬೇಕು

ಚಿಕ್ಕಪೇಟೆ, ಕಾಟನ್‌ಪೇಟೆ, ಕಲಾಸಿಪಾಳ್ಯದ ಕಡೆ ಈಗ ಯಾರು ವಾಸವಿದ್ದಾರೆ, ಅಲ್ಲಿರುವುದೆಲ್ಲ ಅಂಗಡಿ, ಗೋದಾಮು, ಅಲ್ಲಿಗೆ ಹೊಸ ಸರ್ಕಾರಿ ಹೈಸ್ಕೂಲು ಯಾಕೆ ಎಂದು ತಿಳಿದವರೇ ಕೇಳುತ್ತಾರೆ. ಬೆಂಗಳೂರಿನ ಆ ಭಾಗದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿಂದ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಗೋದಾಮುಗಳ ಮೇಲಿನ ಒಂದೊಂದು ಕೋಣೆಯಲ್ಲೂ ಒಂದೊಂದು ಸಂಸಾರವಿದೆ. ಮೂಟೆ ಹೊರುವ ಹಮಾಲರು, ನಸುಕಿಗೆ ಮುಂಚೆಯೇ ಕೆ.ಆರ್. ಮಾರುಕಟ್ಟೆ ಸೇರಿ ಹೂ ಕಟ್ಟುವ ಹೆಂಗಸರು, ಟೈಲರ್‌ಗಳು, ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರು. ಮನೆಯಲ್ಲಿ ತಮಿಳು, ಉರ್ದು, ತೆಲುಗು ಆಡುವ ಮಕ್ಕಳು ನಮ್ಮ ಶಾಲೆಗೆ ಬಂದು ಕನ್ನಡದಲ್ಲಿ ಲೆಕ್ಕ ಕಲಿಯುತ್ತಿದ್ದರು.

ನಮ್ಮ ರಾಜ್ಯದಲ್ಲಿ ಹಿರಿಯ ಪ್ರಾಥಮಿಕ ಶಾಲೆ ಬಹುಮಟ್ಟಿಗೆ ಏಳಕ್ಕೆ ಮುಗಿಯುತ್ತದೆ, ಹೈಸ್ಕೂಲು ಎಂಟರಿಂದ. ಟಿ.ಸಿ. ಬರೆದು ಕೊಡುವ ವಾರವೇ ಮಕ್ಕಳು ಕೈತಪ್ಪುವ ವಾರ. ಭಿನ್ನರಾಶಿ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಟಿ.ಸಿ. ತೆಗೆದುಕೊಳ್ಳಲು ಬಂದ ಅವಳ ತಾಯಿ ಫೀಸಿನ ಬಗ್ಗೆ ಕೇಳಲೇ ಇಲ್ಲ. ‘ಹೈಸ್ಕೂಲಿಗೆ ಯಾವ ದಾರೀಲಿ ಹೋಗ್ಬೇಕು ಮೇಡಂ?’ ಎಂದಷ್ಟೇ ಕೇಳಿದರು. ದಾರಿ ಮಾರುಕಟ್ಟೆಯ ಫ್ಲೈಓವರ್ ಕೆಳಗಿನದು. ಬಸ್ಸು, ಆಟೊ, ತಳ್ಳುಗಾಡಿ, ತರಕಾರಿ ಲಾರಿಗಳ ನಡುವೆ ದಾಟಬೇಕು; ಚಳಿಗಾಲದಲ್ಲಿ ವಾಪಸು ಬರುವಾಗ ಕತ್ತಲು. ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಹೂವಿಗೆಂದು ಹೋದರೆ, ಅವಳು ತಾಯಿಯ ಪಕ್ಕ ಕೂತು ಸೇವಂತಿಗೆಯನ್ನು ಮೊಳ ಹಾಕಿ ಕೊಡುತ್ತಿದ್ದಳು. ನನ್ನನ್ನು ಕಂಡು ತರಗತಿಯಲ್ಲಿ ಎದ್ದು ನಿಲ್ಲುವ ಹಾಗೆ ಎದ್ದು ನಿಂತಳು. ಏನು ಮಾತಾಡಬೇಕೆಂದು ನನಗೆ ತೋಚಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಕಾಯುವುದು 6ರಿಂದ 14 ವರ್ಷದವರನ್ನು, ಅಂದರೆ ಎಂಟನೇ ತರಗತಿಯವರೆಗೆ. ಕಿರಿಯ ಪ್ರಾಥಮಿಕ ಶಾಲೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟರವರೆಗಿನದು 3 ಕಿಲೋಮೀಟರ್ ಒಳಗೆ ಇರಬೇಕೆಂಬುದು ಅದರ ನಿಯಮ. ಪ್ರೌಢಶಾಲೆಗೆ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಇಟ್ಟ ಅಳತೆ 5 ಕಿಲೋಮೀಟರ್. ನಕ್ಷೆಯ ಮೇಲೆ ಪೇಟೆಯ ಸುತ್ತ ಇಷ್ಟು ದೂರದ ಗೆರೆ ಎಳೆದರೆ ಎಷ್ಟೋ ಹೈಸ್ಕೂಲುಗಳು ಒಳಗೆ ಬೀಳುತ್ತವೆ, ಕೊರತೆಯೇ ಇಲ್ಲವೆಂದು ಕಡತ ಮುಚ್ಚಬಹುದು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸೂ ಉಚಿತ. ಟಿಕೆಟ್ಟಿನ ಚಿಂತೆ ತಪ್ಪಿದ್ದು ದೊಡ್ಡ ಉಪಕಾರ, ಆದರೆ ನಿಲ್ಲಲೂ ಜಾಗವಿಲ್ಲದ ಬಸ್ಸಿಗೆ ಹದಿಮೂರರ ಮಗಳನ್ನು ಒಬ್ಬಳೇ ಹತ್ತಿಸಲು ಆ ತಾಯಿಗೆ ಧೈರ್ಯ ಬರಲಿಲ್ಲ. ಆದ್ದರಿಂದ ಹೊಸ ಹೈಸ್ಕೂಲಿನ ಜಾಗವನ್ನು ಏಳನೆಯದು ಮುಗಿಸಿದ ಮಕ್ಕಳು ನಡೆಯುವ ದಾರಿ ನೋಡಿ ಗೊತ್ತುಮಾಡಬೇಕು. ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಪೇಟೆಯ ಶಾಲೆಗಳಿಂದ ಹೊರಟವರಲ್ಲಿ ಯಾರು ಎಂಟಕ್ಕೆ ಸೇರಿದರು, ಯಾರು ಸೇರಲಿಲ್ಲ ಎಂಬುದನ್ನು ಇಲಾಖೆ ತನ್ನ ದಾಖಲೆಯಿಂದಲೇ ತೆಗೆಯಬಹುದು. ಕಟ್ಟಡದ ನಕ್ಷೆಗಿಂತ ಮೊದಲು ಆ ಪಟ್ಟಿ ಮೇಜಿನ ಮೇಲೆ ಬರಲಿ.

ಜಾಗವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರು ನಿಲ್ಲಿಸಲು ನೆಲದಡಿ ಬಹುಮಹಡಿ ನಿಲ್ದಾಣ ಕಟ್ಟಲು ಈ ನಗರಕ್ಕೆ ಜಾಗವೂ ಸಿಕ್ಕಿತು, ಹಣವೂ ಸಿಕ್ಕಿತು. 1907ರಲ್ಲೇ ಪೇಟೆಯ ಬಾಗಿಲಲ್ಲಿ ಕೋಟೆ ಹೈಸ್ಕೂಲು ತೆರೆದ ಊರಿದು. ನನ್ನ ಮಗಳಿರುವ ಅಡಿಲೇಡ್‌ನಲ್ಲಿ 2019ರಲ್ಲಿ ನಗರದ ನಡುವೆಯೇ, ಸಸ್ಯೋದ್ಯಾನದ ಮಗ್ಗುಲಲ್ಲಿ ಹೊಸ ಸರ್ಕಾರಿ ಹೈಸ್ಕೂಲು ತೆರೆದರು. ವಿಶ್ವವಿದ್ಯಾಲಯದ ಹಳೆಯ ಕಟ್ಟಡವೊಂದನ್ನೇ ನವೀಕರಿಸಿ, ಪಕ್ಕದಲ್ಲಿ ಹೊಸ ಮಹಡಿಗಳನ್ನು ಎಬ್ಬಿಸಿದರು. ಬ್ರಿಸ್ಬೇನ್ ನಗರಮಧ್ಯದ ಹೊಸ ಶಾಲೆ 2020ರಲ್ಲಿ ಏಳನೇ ತರಗತಿಯೊಂದರಿಂದಲೇ ಶುರುವಾಗಿ ವರ್ಷಕ್ಕೊಂದು ತರಗತಿ ಸೇರಿಸಿಕೊಳ್ಳುತ್ತ ಬೆಳೆಯಿತು. ನಾವೂ ಹಾಗೆ ಮಾಡಬಹುದು. ಇಡೀ ಕಟ್ಟಡ ಏಳುವವರೆಗೆ ಕಾಯದೆ ಯಾವುದಾದರೂ ಸರ್ಕಾರಿ ಕಟ್ಟಡದಲ್ಲಿ ಬರುವ ಜೂನ್‌ಗೆ ಎಂಟನೇ ತರಗತಿ ಆರಂಭವಾಗಲಿ.

ಮೈದಾನದ ಚಿಂತೆ ನ್ಯಾಯವಾದದ್ದು. ಪೇಟೆಯಲ್ಲಿ ಎಕರೆಗಟ್ಟಲೆ ಬಯಲು ಸಿಗದು. ಆದರೆ ಕಲಾಸಿಪಾಳ್ಯದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ 240 ಎಕರೆಯ ಲಾಲ್‌ಬಾಗ್ ಇದೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಿಲೆಗಳ ಪಾಠವನ್ನು ಆ ಬಂಡೆಯ ಮೇಲೆ ಕೂರಿಸಿ ಹೇಳಿದರೆ ಮಕ್ಕಳು ಮರೆಯುತ್ತಾರೆಯೇ? ಟಿಪ್ಪುವಿನ ಬೇಸಿಗೆ ಅರಮನೆಯೂ ಕೋಟೆಯೂ ಇನ್ನೂ ಹತ್ತಿರ. ವಾರಕ್ಕೆರಡು ಸಲ ಮಕ್ಕಳನ್ನು ಕರೆದೊಯ್ಯಲು ವೇಳಾಪಟ್ಟಿಯಲ್ಲೇ ಸಮಯ, ದಾರಿಯಲ್ಲಿ ಸರಿಯಾದ ಪಾದಚಾರಿ ಮಾರ್ಗ ಇಷ್ಟು ಮಾಡಿಕೊಡಬೇಕು.

ಕಟ್ಟಡ ಮೇಲಕ್ಕೆ ಏಳಲಿ, ಆದರೆ ಪ್ರತಿ ಮಹಡಿಯಲ್ಲೂ ನೀರಿರುವ ಶೌಚಾಲಯ ಇರಲೇಬೇಕು. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುವ ಹುಡುಗಿಯರ ಹಾಜರಿ ಪುಸ್ತಕ ತೆರೆದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಯೂಟಕ್ಕೆ ಮಕ್ಕಳು ಕೂತು ಉಣ್ಣುವಂಥ ಸ್ಥಳ ಬೇಕು, ಮೆಟ್ಟಿಲ ಮೇಲೆ ತಟ್ಟೆ ಹಿಡಿದು ನಿಲ್ಲುವಂತಾಗಬಾರದು. ಇನ್ನೊಂದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡಿದ್ದೇನೆ: ಸಂಜೆ ಎಂಟರವರೆಗೆ ತೆರೆದಿರುವ ಓದುಕೋಣೆ. ಒಂದೇ ಕೋಣೆಯ ಮನೆಯಲ್ಲಿ ನಸುಕಿಗೆ ಏಳುವ ತಾಯಿ ಬೇಗ ಮಲಗಿದರೆ ದೀಪ ಆರುತ್ತದೆ. ಎಸ್ಸೆಸ್ಸೆಲ್ಸಿಗೆ ಓದುವ ಮಗು ಎಲ್ಲಿಗೆ ಹೋಗಬೇಕು? ಓದುಕೋಣೆಗೆ ಒಬ್ಬರು ಮೇಲ್ವಿಚಾರಕರು, ಒಬ್ಬರು ಕಾವಲಿನವರು ಸಾಕು.

ದೊಡ್ಡ ಶಾಲೆ ಬರುತ್ತದೆಂದು ಸುತ್ತಲಿನ ಸಣ್ಣ ಪ್ರಾಥಮಿಕ ಶಾಲೆಗಳನ್ನು ವಿಲೀನದ ಹೆಸರಿನಲ್ಲಿ ಮುಚ್ಚಬಾರದು. ಅವು ಮುಚ್ಚಿದರೆ ಹೈಸ್ಕೂಲಿಗೆ ಮಕ್ಕಳು ಬರುವುದೆಲ್ಲಿಂದ?

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ, ಪೇಟೆ ಕೇಂದ್ರ ನಗರ ಪಾಲಿಕೆಗೆ ಸೇರಿತು. ಆ ಪಾಲಿಕೆಗೂ ಶಿಕ್ಷಣ ಇಲಾಖೆಗೂ ನನ್ನ ವಿನಂತಿ: ಟಿ.ಸಿ. ಕೊಡುವ ವಾರದಲ್ಲಿ ಪೇಟೆಯ ಯಾವುದಾದರೂ ಶಾಲೆಗೆ ಬಂದು ತಾಯಂದಿರ ಜೊತೆ ಕೂತು ಮಾತಾಡಿ, ಆಮೇಲೆ ಜಾಗ ಗುರುತಿಸಿ.